ಬಲ್ಬ್ ಹೋಗಿದೆಯಾ, ವೈರ್ ತುಂಡಾಗಿದೆಯಾ? ಡೇವಿಡ್ ಫೆರಿಯರ್ ಅವರ ಕಥೆ

ಲ್ಯಾಬ್‌ನಲ್ಲಿ ನಮಗೆಲ್ಲ ಆಗಿರೋ ಅನುಭವ ಇದು. ಬ್ರೆಡ್‌ಬೋರ್ಡ್ ಮೇಲೆ ಸರ್ಕ್ಯೂಟ್ ಕಟ್ಟಿ ಆಗಿರುತ್ತೆ, ಸಪ್ಲೈ ಆನ್ ಮಾಡಿದರೆ ಎಲ್‌ಇಡಿ ಹತ್ತಲ್ಲ. ಎಲ್‌ಇಡಿ ಸುಟ್ಟಿದೆ ಅಂದುಕೊಂಡು ಹೊಸದು ಹಾಕ್ತೀವಿ. ಅದೂ ಹತ್ತಲ್ಲ. ಅರ್ಧ ಗಂಟೆ ಮಲ್ಟಿಮೀಟರ್ ಹಿಡಿದು ಒದ್ದಾಡಿದ ಮೇಲೆ ಗೊತ್ತಾಗುತ್ತೆ, ಮಧ್ಯದಲ್ಲಿ ಎಲ್ಲೋ ಒಂದು ಜಂಪರ್ ವೈರ್ ಒಳಗೊಳಗೇ ತುಂಡಾಗಿದೆ ಅಂತ. ಎಲ್‌ಇಡಿಯ ತಪ್ಪೇನೂ ಇರಲ್ಲ.

ಇದೇ ತರಹದ ತಪ್ಪನ್ನು ಸುಮಾರು 150 ವರ್ಷಗಳ ಹಿಂದೆ ಒಬ್ಬ ಬಹಳ ದೊಡ್ಡ ವಿಜ್ಞಾನಿ ಮಾಡಿದರು. ಅವರ ಮುಂದಿದ್ದ ಸರ್ಕ್ಯೂಟ್ ಕೋತಿಯ ಮೆದುಳು. ಅವರ ಹತ್ತಿರ ಸರ್ಕ್ಯೂಟ್ ಡಯಾಗ್ರಾಂ ಇರಲಿಲ್ಲ, ಡೇಟಾಶೀಟ್ ಇರಲಿಲ್ಲ. ಆದರೂ ಮೆದುಳಿನ ಯಾವ ಜಾಗ ಯಾವ ಕೆಲಸ ಮಾಡುತ್ತದೆ ಎಂಬ ಮೊದಲ ನಂಬಲರ್ಹ ನಕ್ಷೆಗಳಲ್ಲಿ ಒಂದನ್ನು ಬರೆದು ಕೊಟ್ಟರು. ಆ ನಕ್ಷೆಯಿಂದ ಮನುಷ್ಯರ ತಲೆಬುರುಡೆ ತೆರೆದು ಗಡ್ಡೆ ತೆಗೆಯುವ ಧೈರ್ಯ ವೈದ್ಯರಿಗೆ ಬಂತು. ಅದೇ ಕೆಲಸಕ್ಕಾಗಿ ಅವರು ಕೋರ್ಟ್ ಮೆಟ್ಟಿಲನ್ನೂ ಹತ್ತಬೇಕಾಯಿತು. ಅವರೇ ಸರ್ ಡೇವಿಡ್ ಫೆರಿಯರ್.

ತತ್ವಶಾಸ್ತ್ರದಿಂದ ಮೆದುಳಿಗೆ

ಫೆರಿಯರ್ ಹುಟ್ಟಿದ್ದು 1843ರ ಜನವರಿ 13ರಂದು, ಸ್ಕಾಟ್ಲೆಂಡಿನ ಅಬರ್ಡೀನ್ ಪಕ್ಕದ ವುಡ್‌ಸೈಡ್‌ನಲ್ಲಿ. ಶುರುವಿಗೆ ಅವರು ವೈದ್ಯಕೀಯದ ವಿದ್ಯಾರ್ಥಿಯೇ ಅಲ್ಲ. ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಗ್ರೀಕ್, ಲ್ಯಾಟಿನ್ ಸಾಹಿತ್ಯ ಮತ್ತು ತತ್ವಶಾಸ್ತ್ರ. 1863ರಲ್ಲಿ ಪ್ರಥಮ ದರ್ಜೆಯಲ್ಲಿ ಎಂ.ಎ. ಮುಗಿಸಿದರು. ಅಲ್ಲಿ ಅವರಿಗೆ ಮೇಷ್ಟ್ರಾಗಿದ್ದವರು ಅಲೆಕ್ಸಾಂಡರ್ ಬೇನ್. ಮನಸ್ಸನ್ನು ಅರ್ಥ ಮಾಡಿಕೊಳ್ಳಬೇಕಾದರೆ ಕೂತು ಯೋಚಿಸಿದರೆ ಸಾಲದು, ದೇಹವನ್ನೂ ನರಗಳನ್ನೂ ನೋಡಬೇಕು ಎಂದು ನಂಬಿದ್ದ ತತ್ವಜ್ಞಾನಿ ಅವರು. ಬೇನ್ ಅವರ ಸಲಹೆಯಂತೆ ಫೆರಿಯರ್ ಜರ್ಮನಿಯ ಹೈಡೆಲ್‌ಬರ್ಗ್‌ಗೆ ಹೋಗಿ ಸ್ವಲ್ಪ ಕಾಲ ಮನಶ್ಶಾಸ್ತ್ರ ಓದಿದರು. ವಾಪಸ್ ಬಂದು ಎಡಿನ್‌ಬರೋದಲ್ಲಿ ವೈದ್ಯಕೀಯಕ್ಕೆ ಸೇರಿ 1868ರಲ್ಲಿ ಪದವಿ ಪಡೆದರು. ಸ್ವಲ್ಪ ದಿನ ಬರಿ ಸೇಂಟ್ ಎಡ್ಮಂಡ್ಸ್ ಎಂಬ ಊರಿನಲ್ಲಿ ಸಾಮಾನ್ಯ ವೈದ್ಯರಾಗಿದ್ದು, 1870ರಲ್ಲಿ ಲಂಡನ್ ಸೇರಿದರು. ಆಮೇಲೆ ಜೀವನಪೂರ್ತಿ ಅವರ ಕೆಲಸದ ಮನೆ ಅಂದರೆ ಅಲ್ಲಿಯ ಕಿಂಗ್ಸ್ ಕಾಲೇಜ್.

ಬ್ರಾಂಚ್ ಚೇಂಜ್ ಮಾಡಿದವರ ಬಗ್ಗೆ ನಮ್ಮಲ್ಲಿ ಎಷ್ಟು ಮಾತಾಡ್ತಾರೆ ಅಲ್ವಾ? ಹೋಮರ್‌ನಿಂದ ಮೆದುಳಿಗೆ ಬಂದ ಈ ಮನುಷ್ಯನನ್ನು ಒಮ್ಮೆ ನೆನಪಿಸಿಕೊಳ್ಳಿ.

ಡಿಸಿ, ಎಸಿ ಮತ್ತು ಒಂದು ನಾಲಿಗೆ

ಆ ಕಾಲದಲ್ಲಿ ಮೆದುಳಿನ ಬಗ್ಗೆ ಇದ್ದ ದೊಡ್ಡ ಜಗಳ ಇದು. ಮೆದುಳಿನ ಹೊರಪದರ, ಅಂದರೆ ಕಾರ್ಟೆಕ್ಸ್, ಇಡೀ ಒಂದೇ ಘಟಕವಾಗಿ ಕೆಲಸ ಮಾಡುತ್ತದೆಯೋ, ಇಲ್ಲಾ ಅದರ ಒಂದೊಂದು ಭಾಗಕ್ಕೆ ಒಂದೊಂದು ಕೆಲಸ ಇದೆಯೋ? ಫ್ರಾನ್ಸ್‌ನ ಫ್ಲೂರಾನ್ಸ್ ಅವರ ಪ್ರಭಾವದಿಂದ ಬಹಳ ಜನ ಮೊದಲನೆಯದನ್ನೇ ನಂಬಿದ್ದರು. ಕಾರ್ಟೆಕ್ಸ್ ಅನ್ನು ಮುಟ್ಟಿದರೂ ಚುಚ್ಚಿದರೂ ಏನೂ ಆಗುವುದಿಲ್ಲ ಎಂಬುದು ಅವರ ವಾದ.

1870ರಲ್ಲಿ ಬರ್ಲಿನ್‌ನ ಫ್ರಿಟ್ಷ್ ಮತ್ತು ಹಿಟ್ಜಿಗ್ ಎಂಬ ಇಬ್ಬರು ಇದನ್ನು ಬುಡಮೇಲು ಮಾಡಿದರು. ನಾಯಿಯ ಕಾರ್ಟೆಕ್ಸ್‌ನ ಒಂದು ಜಾಗಕ್ಕೆ ಬ್ಯಾಟರಿಯಿಂದ ಸಣ್ಣ ಕರೆಂಟ್ ಕೊಟ್ಟಾಗ ಎದುರು ಬದಿಯ ಕಾಲಿನ ಸ್ನಾಯು ಮಿಡಿಯಿತು. ಇತ್ತ ಲಂಡನ್‌ನಲ್ಲಿ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಎಂಬ ವೈದ್ಯರು ಮೂರ್ಛೆರೋಗಿಗಳನ್ನು ಗಮನಿಸುತ್ತಿದ್ದರು. ಕೆಲವರಲ್ಲಿ ಸೆಳೆತ ಹೆಬ್ಬೆರಳಿನಲ್ಲಿ ಶುರುವಾಗಿ ಕೈಗೆ ಬಂದು, ತೋಳಿಗೆ ಏರಿ, ಮುಖಕ್ಕೆ ಹೋಗುತ್ತಿತ್ತು. ಮೆದುಳಿನಲ್ಲಿ ದೇಹದ ಭಾಗಗಳು ಯಾವುದೋ ಕ್ರಮದಲ್ಲಿ ಜೋಡಣೆಯಾಗಿರಬೇಕು, ಕಿಡಿಯೊಂದು ಅಕ್ಕಪಕ್ಕ ಹರಡುತ್ತಿರಬೇಕು ಎಂದು ಅವರು ಊಹಿಸಿದ್ದರು. ಊಹೆ ಇತ್ತು, ಟೆಸ್ಟ್ ಮಾಡಿದವರು ಇರಲಿಲ್ಲ.

1873ರಲ್ಲಿ ಫೆರಿಯರ್ ಅವರಿಗೆ ಆ ಅವಕಾಶ ಸಿಕ್ಕಿತು. ಯಾರ್ಕ್‌ಶೈರ್‌ನ ವೇಕ್‌ಫೀಲ್ಡ್‌ನಲ್ಲಿದ್ದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಜೇಮ್ಸ್ ಕ್ರೈಟನ್-ಬ್ರೌನ್ ಅವರು ಆಸ್ಪತ್ರೆಯಲ್ಲೇ ಒಂದು ಪ್ರಯೋಗಶಾಲೆ ಮಾಡಿದ್ದರು. ಅಲ್ಲಿಗೆ ಫೆರಿಯರ್ ಅವರನ್ನು ಕರೆದರು. ಮೊಲ, ಬೆಕ್ಕು, ನಾಯಿಗಳಿಗೆ ಕ್ಲೋರೋಫಾರ್ಮ್ ಕೊಟ್ಟು ಫೆರಿಯರ್ ಪ್ರಯೋಗ ಶುರು ಮಾಡಿದರು.

ಇಲ್ಲಿ ಇಲೆಕ್ಟ್ರಿಕಲ್‌ನವರು ಸ್ವಲ್ಪ ಗಮನ ಕೊಡಿ. ಬರ್ಲಿನ್‌ನವರು ಬಳಸಿದ್ದು ಬ್ಯಾಟರಿಯ ನೇರ ಪ್ರವಾಹ, ಅದೂ ಕ್ಷಣಮಾತ್ರ. ಹಾಗಾಗಿ ಅವರಿಗೆ ಸಿಕ್ಕಿದ್ದು ಬರೀ ಒಂದು ಮಿಡಿತ. ಫೆರಿಯರ್ ಬಳಸಿದ್ದು ಇಂಡಕ್ಷನ್ ಕಾಯಿಲ್‌ನಿಂದ ಬರುವ ಪರ್ಯಾಯ ಪ್ರವಾಹ, ಅದೂ ಕೆಲವು ಸೆಕೆಂಡುಗಳ ಕಾಲ. ಆಗ ಬಂದಿದ್ದು ಮಿಡಿತ ಅಲ್ಲ, ಪೂರ್ತಿ ಚಲನೆ. ನಡೆಯಲು ಕಾಲು ಮುಂದಿಟ್ಟ ಹಾಗೆ, ಏನನ್ನೋ ಹಿಡಿಯಲು ಪಂಜ ಚಾಚಿದ ಹಾಗೆ. ಕರೆಂಟ್ ಎಷ್ಟಿದೆ ಅಂತ ಅಳೆಯಲು ಈಗಿನ ಹಾಗೆ ಮೀಟರ್ ಎಲ್ಲಿತ್ತು? ಎಲೆಕ್ಟ್ರೋಡನ್ನು ನಾಲಿಗೆಯ ತುದಿಗೆ ಮುಟ್ಟಿಸಿದಾಗ ಚುರುಕ್ ಅನ್ನಬೇಕು, ಆದರೆ ತಡೆದುಕೊಳ್ಳುವಷ್ಟೇ ಇರಬೇಕು. ಅದೇ ಅವರ ಅಳತೆ. (ನಮ್ಮ ಲ್ಯಾಬ್‌ನಲ್ಲಿ ದಯವಿಟ್ಟು ಟ್ರೈ ಮಾಡಬೇಡಿ.)

ಕೋತಿಯ ಮೆದುಳಿನ ಮೇಲೆ ನಂಬರ್‌ಗಳು

ಮುಂದಿನ ಹೆಜ್ಜೆ ಕೋತಿಗಳು. ಮನುಷ್ಯನ ಮೆದುಳಿನ ಮಡಿಕೆಗಳಿಗೆ ಹೋಲುವ ಮಡಿಕೆಗಳು ಕೋತಿಯ ಮೆದುಳಿನಲ್ಲಿವೆ. ನಾಯಿಯ ನಕ್ಷೆಯನ್ನು ಮನುಷ್ಯನ ಮೇಲೆ ಕೂರಿಸಲು ಆಗುವುದಿಲ್ಲ, ಕೋತಿಯದಾದರೆ ಒಂದಿಷ್ಟು ಮಟ್ಟಿಗೆ ಆಗುತ್ತದೆ. ಫೆರಿಯರ್ ಮಕಾಕ್ ಕೋತಿಗಳ ಕಾರ್ಟೆಕ್ಸ್‌ನ ಒಂದೊಂದೇ ಬಿಂದುವನ್ನು ಕರೆಂಟಿನಿಂದ ಮುಟ್ಟುತ್ತಾ ಹೋದರು. ಇಲ್ಲಿ ಮುಟ್ಟಿದರೆ ಕಾಲು, ಅಲ್ಲಿ ಮುಟ್ಟಿದರೆ ಬೆರಳು, ಇನ್ನೊಂದು ಕಡೆ ಬಾಯಿ, ನಾಲಿಗೆ. ಪ್ರತಿ ಬಿಂದುವಿಗೂ ಒಂದು ವೃತ್ತ, ಒಂದು ನಂಬರ್. ಆಮೇಲೆ ಎರಡನೇ ವಿಧಾನ: ಆ ಜಾಗವನ್ನೇ ತೆಗೆದು, ಯಾವ ಕೆಲಸ ನಿಲ್ಲುತ್ತದೆ ಎಂದು ನೋಡುವುದು. ಸಿಗ್ನಲ್ ಕೊಟ್ಟು ಔಟ್‌ಪುಟ್ ನೋಡು, ಕಾಂಪೊನೆಂಟ್ ತೆಗೆದು ಔಟ್‌ಪುಟ್ ನೋಡು. ಯಾವುದೇ ಬ್ಲ್ಯಾಕ್ ಬಾಕ್ಸ್ ಅನ್ನು ನಾವು ಬಿಡಿಸೋದೂ ಹೀಗೇ ಅಲ್ವಾ?

1874ರಲ್ಲಿ ರಾಯಲ್ ಸೊಸೈಟಿಯ ಕ್ರೂನಿಯನ್ ಉಪನ್ಯಾಸ ಕೊಡುವ ಗೌರವ ಅವರಿಗೆ ಬಂತು. ಜೊತೆಗೇ ಒಂದು ಕಿರಿಕಿರಿಯೂ ಬಂತು. ಬರ್ಲಿನ್‌ನವರಿಗೆ ಸಲ್ಲಬೇಕಾದ ಕ್ರೆಡಿಟ್ ಸರಿಯಾಗಿ ಕೊಟ್ಟಿಲ್ಲ ಎಂದು ಪ್ರಬಂಧದ ಪರಿಶೀಲಕರು ಆಕ್ಷೇಪಿಸಿದರು. ಕೊನೆಗೆ ಫೆರಿಯರ್ ನಾಯಿಗಳ ಭಾಗವನ್ನು ಕೈಬಿಟ್ಟು ಕೋತಿಗಳ ಪ್ರಯೋಗಗಳನ್ನಷ್ಟೇ ಪ್ರಕಟಿಸಿದರು. ಸೈಟೇಶನ್ ಜಗಳ ಇವತ್ತಿನದಲ್ಲ ನೋಡಿ. 1876ರಲ್ಲಿ ಅವರ ಪ್ರಸಿದ್ಧ ಪುಸ್ತಕ, ಮೆದುಳಿನ ಕಾರ್ಯಗಳ ಕುರಿತದ್ದು, ಹೊರಬಂತು. ಅದನ್ನು ಅವರು ಅರ್ಪಿಸಿದ್ದು ಹ್ಯೂಲಿಂಗ್ಸ್ ಜಾಕ್ಸನ್ ಅವರಿಗೆ. ಪುಸ್ತಕದಲ್ಲಿ ಕೋತಿಯ ಮೆದುಳಿನ ನಂಬರ್‌ಗಳನ್ನು ಮನುಷ್ಯನ ಮೆದುಳಿನ ಚಿತ್ರದ ಮೇಲೂ ಇಳಿಸಿದ್ದರು. ಅದೇ ವರ್ಷ ರಾಯಲ್ ಸೊಸೈಟಿಯ ಫೆಲೋ ಆದರು. ಆಗ ವಯಸ್ಸು 33. ಎರಡು ವರ್ಷದ ನಂತರ ಜಾಕ್ಸನ್, ಕ್ರೈಟನ್-ಬ್ರೌನ್ ಮತ್ತು ಬಕ್‌ನಿಲ್ ಅವರ ಜೊತೆ ಸೇರಿ ಬ್ರೈನ್ ಎಂಬ ಪತ್ರಿಕೆ ಶುರು ಮಾಡಿದರು. ಅದು ಇವತ್ತಿಗೂ ಬರುತ್ತಿದೆ.

ಚಹಾ ಕುಡಿಯುವ ಕೋತಿ

ಈಗ ಆ ತಪ್ಪಿನ ವಿಷಯಕ್ಕೆ ಬರೋಣ.

ದೃಷ್ಟಿಯ ಕೇಂದ್ರ ಎಲ್ಲಿದೆ? ಫೆರಿಯರ್ ಕೊಟ್ಟ ಉತ್ತರ: ಮೆದುಳಿನ ಪಕ್ಕದಲ್ಲಿ, ಕಿವಿಗಿಂತ ಸ್ವಲ್ಪ ಮೇಲೆ ಹಿಂದಕ್ಕಿರುವ ಆಂಗ್ಯುಲರ್ ಗೈರಸ್ ಎಂಬ ಮಡಿಕೆ. ಅವರ ಆಧಾರ ಏನು ಅಂದರೆ, ಒಂದು ಕೋತಿಗೆ ಚಹಾ ಅಂದರೆ ಪ್ರಾಣ. ಎರಡೂ ಬದಿಯ ಆ ಮಡಿಕೆಯನ್ನು ನಾಶ ಮಾಡಿದ ಮೇಲೆ ಚಹಾದ ಕಪ್ಪನ್ನು ಮುಂದೆಯೇ ಇಟ್ಟರೂ ಅದಕ್ಕೆ ಸಿಗುತ್ತಿರಲಿಲ್ಲ. ತುಟಿಗೆ ತಾಗಿಸಿದರೆ ಮಾತ್ರ ಆಸೆಯಿಂದ ಕುಡಿಯುತ್ತಿತ್ತು. ಹಾಗಾದರೆ ಅದು ಕುರುಡಾಗಿದೆ ಎಂದು ಅವರು ತೀರ್ಮಾನಿಸಿದರು. ಮೆದುಳಿನ ಹಿಂಭಾಗವನ್ನು, ಅಂದರೆ ಆಕ್ಸಿಪಿಟಲ್ ಭಾಗವನ್ನು, ತೆಗೆದಾಗ ಅಂಥ ತೊಂದರೆ ಅವರಿಗೆ ಕಾಣಲಿಲ್ಲ.

ಬರ್ಲಿನ್‌ನ ಮುಂಕ್ ಇದನ್ನು ಒಪ್ಪಲಿಲ್ಲ. ದೃಷ್ಟಿಯ ಜಾಗ ಹಿಂಭಾಗದಲ್ಲೇ ಇದೆ ಎಂದು ಅವರು ಪ್ರಯೋಗದಿಂದಲೇ ತೋರಿಸಿದರು. ಆಮೇಲೆ ಲಂಡನ್‌ನಲ್ಲಿ ಶೇಫರ್ ಅವರೂ ಅದನ್ನೇ ಹೇಳಿದರು. ಅವರೇ ಸರಿ ಎಂದು ಇವತ್ತು ನಮಗೆ ಗೊತ್ತು.

ಹಾಗಾದರೆ ಫೆರಿಯರ್ ಕಂಡದ್ದು ಸುಳ್ಳೇ? ಅಲ್ಲ. ಕೋತಿಗೆ ಕಪ್ ಸಿಗದೇ ಇದ್ದದ್ದು ನಿಜ. ಕಾರಣ ಮಾತ್ರ ಬೇರೆ ಇತ್ತು. ಕಣ್ಣಿನ ಸುದ್ದಿಯನ್ನು ಮೆದುಳಿನ ಹಿಂಭಾಗಕ್ಕೆ ಒಯ್ಯುವ ನರತಂತುಗಳ ದಪ್ಪ ಕಟ್ಟು ಆ ಮಡಿಕೆಯ ಕೆಳಗಿನಿಂದಲೇ ಹಾದುಹೋಗುತ್ತದೆ. ಗಾಯ ಸ್ವಲ್ಪ ಆಳಕ್ಕೆ ಇಳಿದರೂ ಸಾಕು, ಕೇಬಲ್ ಕಟ್ ಆಗುತ್ತದೆ. ಇನ್ನೊಂದು ವಿಷಯವೂ ಇದೆ. ಆ ಭಾಗ ಕಂಡದ್ದರ ಕಡೆಗೆ ಕೈಯನ್ನು ಒಯ್ಯಲು ಬೇಕಾದ ಕೊಂಡಿ. ಅದು ಹೋದರೆ ವಸ್ತು ಕಂಡರೂ ಕೈ ಗುರಿ ತಪ್ಪುತ್ತದೆ. ಹಿಂಭಾಗವನ್ನು ತೆಗೆದಾಗ ತೊಂದರೆ ಕಾಣದೇ ಇದ್ದದ್ದಕ್ಕೆ ಕಾರಣ, ತೆಗೆದದ್ದು ಪೂರ್ತಿ ಅಲ್ಲ. ಉಳಿದ ಭಾಗವೇ ಕೆಲಸ ನಡೆಸುತ್ತಿತ್ತು.

ಅಂದರೆ ವೈರ್ ತುಂಡಾಗಿದ್ದನ್ನು ಅವರು ಬಲ್ಬ್ ಹೋಗಿದೆ ಎಂದು ಓದಿದರು. ಮೆದುಳಿನ ಮೇಲ್ಮೈ ಮಾತ್ರ ಕಾಣುತ್ತಿದ್ದ ಕಾಲದಲ್ಲಿ ಒಳಗಿನ ವೈರಿಂಗ್ ಯಾರಿಗೆ ಗೊತ್ತಿತ್ತು?

1881: ಒಂದು ಪ್ರದರ್ಶನ, ಒಂದು ಮೊಕದ್ದಮೆ

ಮೊದಲ ಪ್ರಯೋಗಗಳಲ್ಲಿ ಇನ್ನೊಂದು ತೊಂದರೆ ಇತ್ತು. ಗಾಯಕ್ಕೆ ಸೋಂಕು ತಗುಲಿ ಕೋತಿಗಳು ಕೆಲವೇ ದಿನಗಳಲ್ಲಿ ಸಾಯುತ್ತಿದ್ದವು. ಕಂಡ ಲಕ್ಷಣ ಗಾಯದ್ದೋ ಸೋಂಕಿನದೋ ಹೇಳುವುದು ಕಷ್ಟ. 1877ರಲ್ಲಿ ಜೋಸೆಫ್ ಲಿಸ್ಟರ್ ಕಿಂಗ್ಸ್ ಕಾಲೇಜಿಗೆ ಬಂದರು. ಕಾರ್ಬಾಲಿಕ್ ಆಮ್ಲದಿಂದ ಸೋಂಕು ತಡೆಯುವ ಅವರ ವಿಧಾನವನ್ನು ಫೆರಿಯರ್ ಮತ್ತು ಅವರ ಸಹೋದ್ಯೋಗಿ ಜೆರಾಲ್ಡ್ ಯೋ ಕೋತಿಗಳ ಶಸ್ತ್ರಚಿಕಿತ್ಸೆಗೂ ತಂದರು. ಈಗ ಕೋತಿಗಳು ತಿಂಗಳುಗಟ್ಟಲೆ ಬದುಕತೊಡಗಿದವು.

1881ರ ಆಗಸ್ಟ್‌ನಲ್ಲಿ ಲಂಡನ್‌ನಲ್ಲಿ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನ ನಡೆಯಿತು. ಸ್ಟ್ರಾಸ್‌ಬರ್ಗ್‌ನ ಗೋಲ್ಟ್ಸ್ ಒಂದು ನಾಯಿಯನ್ನು ತಂದಿದ್ದರು. ಅದರ ಕಾರ್ಟೆಕ್ಸ್‌ನ ದೊಡ್ಡ ಭಾಗವನ್ನು ತೆಗೆದಿದ್ದರೂ ಅದು ಓಡಾಡುತ್ತಿತ್ತು, ನೋಡುತ್ತಿತ್ತು, ಕೇಳುತ್ತಿತ್ತು. ಹಾಗಾಗಿ ಮೆದುಳಿನಲ್ಲಿ ಕೇಂದ್ರಗಳು ಅಂತ ಏನೂ ಇಲ್ಲ ಎಂಬುದು ಅವರ ವಾದ. ಫೆರಿಯರ್ ಎರಡು ಕೋತಿಗಳನ್ನು ತಂದರು. ಒಂದಕ್ಕೆ ಎಡ ಮೆದುಳಿನ ಚಲನೆಯ ಭಾಗವನ್ನು ತೆಗೆದಿತ್ತು. ಅದು ಬಲಗೈ ಬಲಗಾಲು ಎಳೆಯುತ್ತಾ, ಲಕ್ವ ಹೊಡೆದ ಮನುಷ್ಯನ ಹಾಗೆಯೇ ನಡೆಯಿತು. ಅದನ್ನು ನೋಡಿ ಪ್ಯಾರಿಸ್‌ನ ಪ್ರಖ್ಯಾತ ನರವೈದ್ಯ ಶಾರ್ಕೋ ಅವರಿಗೆ ತಮ್ಮ ಆಸ್ಪತ್ರೆಯ ರೋಗಿಯನ್ನೇ ಕಂಡಂತಾಯಿತು. ಇನ್ನೊಂದು ಕೋತಿಗೆ ಎರಡೂ ಬದಿಯ ಟೆಂಪೊರಲ್ ಭಾಗದಲ್ಲಿ ಗಾಯ ಮಾಡಿತ್ತು. ಹತ್ತಿರದಲ್ಲೇ ಪಟಾಕಿಯಂತೆ ಸಿಡಿಯುವ ಕ್ಯಾಪ್ ಹೊಡೆದಾಗ ಮೊದಲನೆಯದು ಬೆಚ್ಚಿಬಿತ್ತು, ಇದು ಅಲ್ಲಾಡಲೇ ಇಲ್ಲ.

ಜಗಳ ಮಾತಿನಲ್ಲಿ ಮುಗಿಯಲಿಲ್ಲ. ನಾಯಿಯನ್ನೂ ಲಕ್ವದ ಕೋತಿಯನ್ನೂ ಕೊಂದು ಮೆದುಳುಗಳನ್ನು ತಜ್ಞರ ಸಮಿತಿಗೆ ಒಪ್ಪಿಸಿದರು. ನಾಯಿಯ ಗಾಯ ಗೋಲ್ಟ್ಸ್ ಅಂದುಕೊಂಡಿದ್ದಕ್ಕಿಂತ ಚಿಕ್ಕದಾಗಿತ್ತು. ಅದಕ್ಕಿಂತ ಮುಖ್ಯವಾದದ್ದು ಮುಂದಿನ ಕೆಲಸ. ಶೇಫರ್ ಆ ಕೋತಿಯ ಮೆದುಳಿನ ಜೊತೆಗೆ ಬೆನ್ನುಹುರಿಯನ್ನೂ ಪರೀಕ್ಷಿಸಿ, ಮೇಲಿನ ಗಾಯದಿಂದ ಕೆಳಗೆ ಏನೇನು ಹಾಳಾಗಿದೆ ಎಂದು ವರದಿ ಬರೆದರು. ನಾಯಿಯ ನರತಂತುಗಳ ಜಾಡು ಹಿಡಿದವರಲ್ಲಿ ಶೆರಿಂಗ್ಟನ್ ಎಂಬ ಹುಡುಗನೂ ಇದ್ದ. 1884ರ ಆ ಪ್ರಬಂಧ ಆತನ ಮೊದಲನೆಯದು. 1932ರಲ್ಲಿ ಆತ ನೊಬೆಲ್ ಪಡೆದ. ಎಲ್ಲಿ ಗಾಯ ಎಂಬ ಪ್ರಶ್ನೆ ನಿಧಾನವಾಗಿ, ಇಲ್ಲಿಂದ ತಂತುಗಳು ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆಯಾಗಿ ಬದಲಾಗುತ್ತಿತ್ತು.

ಸಮ್ಮೇಳನದ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದೇ ತಡ, ಪ್ರಾಣಿ ಪ್ರಯೋಗದ ವಿರೋಧಿಗಳು ಎಚ್ಚೆತ್ತರು. ಇಂಗ್ಲೆಂಡಿನಲ್ಲಿ 1876ರಿಂದ ಇಂಥ ಪ್ರಯೋಗಕ್ಕೆ ಲೈಸೆನ್ಸ್ ಕಡ್ಡಾಯವಾಗಿತ್ತು. ಫ್ರಾನ್ಸಸ್ ಪವರ್ ಕಾಬ್ ಅವರ ಸಂಘಟನೆ ಫೆರಿಯರ್ ಮೇಲೆ ಕೇಸ್ ಹಾಕಿತು. ನವೆಂಬರ್‌ನಲ್ಲಿ ಬೋ ಸ್ಟ್ರೀಟ್ ಕೋರ್ಟಿನಲ್ಲಿ ವಿಚಾರಣೆ. ಶಸ್ತ್ರಚಿಕಿತ್ಸೆ ಮಾಡಿದ್ದು ಯೋ, ಅವರ ಬಳಿ ಲೈಸೆನ್ಸ್ ಇತ್ತು ಎಂದು ಗೊತ್ತಾಗಿ ಕೇಸ್ ವಜಾ ಆಯಿತು.

ಕಾನೂನಿನ ಪ್ರಶ್ನೆ ಅಲ್ಲಿಗೆ ಮುಗಿಯಿತು. ಇನ್ನೊಂದು ಪ್ರಶ್ನೆ ಮುಗಿಯಲಿಲ್ಲ, ಮುಗಿಯಲೂಬಾರದು. ಚಹಾ ಇಷ್ಟಪಡುತ್ತಿದ್ದ ಆ ಕೋತಿಯನ್ನು ಯಾರೂ ಕೇಳಿ ಪ್ರಯೋಗ ಮಾಡಲಿಲ್ಲ. ಕಾಬ್ ಮತ್ತು ಅವರ ಜೊತೆಗಾರರನ್ನು ವಿಜ್ಞಾನದ ಶತ್ರುಗಳು ಎಂದು ತಳ್ಳಿಹಾಕುವುದು ಸುಲಭ. ಆದರೆ ಇವತ್ತು ಪ್ರಾಣಿ ಪ್ರಯೋಗಕ್ಕೆ ಮುಂಚೆ ನೈತಿಕ ಸಮಿತಿಯ ಒಪ್ಪಿಗೆ ಬೇಕು ಅಂತಿದ್ದರೆ, ಅದರ ಹಿಂದೆ ಅಂಥವರು ಎಬ್ಬಿಸಿದ ಗಲಾಟೆಯೂ ಇದೆ.

ಅಕ್ರೋಟಿನ ಗಾತ್ರದ ಗಡ್ಡೆ

1883ರಲ್ಲಿ ಫೆರಿಯರ್ ಒಂದು ಉಪನ್ಯಾಸದಲ್ಲಿ ಶಸ್ತ್ರಚಿಕಿತ್ಸಕರಿಗೆ ನೇರ ಸವಾಲು ಹಾಕಿದರು. ಕೋತಿಗಳಲ್ಲಿ ಸಾಧ್ಯವಾದದ್ದು ಮನುಷ್ಯರಲ್ಲೂ ಸಾಧ್ಯ, ಲಿಸ್ಟರ್ ವಿಧಾನ ಇದೆ, ನಕ್ಷೆ ಇದೆ, ಇನ್ನೂ ಯಾಕೆ ಹಿಂಜರಿಕೆ ಎಂಬ ಧಾಟಿಯಲ್ಲಿ. ಗ್ಲಾಸ್ಗೋದಲ್ಲಿ ಮೆಕ್‌ಈವನ್ 1879ರಲ್ಲೇ ಇಂಥ ದಾರಿಯಲ್ಲಿ ಹೆಜ್ಜೆ ಇಟ್ಟಿದ್ದರು. ಲಂಡನ್‌ನಲ್ಲಿ ಆ ದಿನ ಬಂದಿದ್ದು 1884ರ ನವೆಂಬರ್ 25ರಂದು.

ರೋಗಿ 25 ವರ್ಷದ ಯುವಕ. ಎಡಗಡೆಯ ಮುಖ, ಕೈಗಳಲ್ಲಿ ಸೆಳೆತ, ಬರಬರುತ್ತಾ ಎಡಗೈ ಬಲಹೀನ. ತಲೆಬುರುಡೆಯ ಹೊರಗೆ ಏನೂ ಗುರುತಿಲ್ಲ. ಎಕ್ಸ್‌ರೇ ಕಂಡುಹಿಡಿಯಲು ಇನ್ನೂ 11 ವರ್ಷ ಬಾಕಿ. ವೈದ್ಯ ಬೆನೆಟ್ ಬರೀ ಲಕ್ಷಣಗಳನ್ನು ನಕ್ಷೆಯ ಜೊತೆ ತಾಳೆ ಹಾಕಿ, ಬಲ ಮೆದುಳಿನ ಕೈಯ ಕೇಂದ್ರದ ಹತ್ತಿರ ಗಡ್ಡೆ ಇದೆ ಎಂದು ಗುರುತು ಮಾಡಿದರು. ಶಸ್ತ್ರಚಿಕಿತ್ಸಕ ರಿಕ್‌ಮನ್ ಗಾಡ್ಲಿ, ಲಿಸ್ಟರ್ ಅವರ ಸೋದರಳಿಯ. ಫೆರಿಯರ್ ಮತ್ತು ಜಾಕ್ಸನ್ ಅಲ್ಲೇ ನಿಂತು ನೋಡುತ್ತಿದ್ದರು. ಬುರುಡೆ ತೆರೆದರೆ ಮೇಲ್ಮೈ ಸಹಜವಾಗಿಯೇ ಇತ್ತು. ಗಾಡ್ಲಿ ಸ್ವಲ್ಪ ಒಳಗೆ ಕೊಯ್ದರು. ಅಲ್ಲೇ ಇತ್ತು, ಅಕ್ರೋಟಿನ ಗಾತ್ರದ ಗಡ್ಡೆ.

ಸೆಳೆತ ನಿಂತಿತು. ಆದರೆ ಸುಮಾರು ನಾಲ್ಕು ವಾರಗಳ ನಂತರ ಸೋಂಕಿನಿಂದ ರೋಗಿ ತೀರಿಕೊಂಡರು. ಟೈಮ್ಸ್ ಪತ್ರಿಕೆಯಲ್ಲಿ ಈ ಆಪರೇಷನ್ ಬಗ್ಗೆ ಪರ ವಿರೋಧದ ಪತ್ರಗಳ ಮಳೆಯೇ ಸುರಿಯಿತು. ಗಡ್ಡೆ ಇದ್ದ ಜಾಗದ ವಿಷಯದಲ್ಲಿ ಮಾತ್ರ ತಕರಾರು ಇರಲಿಲ್ಲ. ನಕ್ಷೆ ಸರಿಯಾಗಿತ್ತು.

ವೈರ್‌ಗಳ ಹಿಂದೆ

ಇಷ್ಟು ಹೆಸರು ಬಂದ ಮೇಲೆ ಫೆರಿಯರ್ ತಮ್ಮ ನಕ್ಷೆಯನ್ನೇ ಹೇಳಿಕೊಂಡು ಕೂರಬಹುದಿತ್ತು. ಕೂರಲಿಲ್ಲ. ದೃಷ್ಟಿಯ ವಿಷಯದಲ್ಲಿ ಪಟ್ಟು ಪೂರ್ತಿ ಬಿಡದಿದ್ದರೂ ಹಿಂಭಾಗವನ್ನೂ ಸೇರಿಸಿಕೊಂಡು ತಮ್ಮ ಕೇಂದ್ರವನ್ನು ಹಿಗ್ಗಿಸಿದರು. 1890ರ ದಶಕದಲ್ಲಿ, 50 ದಾಟಿದ ವಯಸ್ಸಿನಲ್ಲಿ, ಆಲ್ಡ್ರೆನ್ ಟರ್ನರ್ ಎಂಬ ಕಿರಿಯರ ಜೊತೆ ಕೋತಿಗಳ ಮೆದುಳಿನ ಒಳದಾರಿಗಳನ್ನು ಹುಡುಕಲು ಹೊರಟರು.

ಅವರು ಬಳಸಿದ ಉಪಾಯ ಸರಳ. ನರಕೋಶದ ಉದ್ದನೆಯ ತಂತುವನ್ನು ಕತ್ತರಿಸಿದರೆ, ಕೋಶದಿಂದ ಬೇರೆಯಾದ ತುಂಡು ಕೊನೆಯವರೆಗೂ ಕೊಳೆಯುತ್ತಾ ಹೋಗುತ್ತದೆ. 1850ರಲ್ಲಿ ವಾಲರ್ ಕಂಡುಕೊಂಡ ವಿಷಯ ಇದು. ತಂತುವಿನ ಮೇಲೆ ಇನ್ಸುಲೇಶನ್ ತರಹ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಕೊಳೆಯುತ್ತಿರುವ ಆ ಹೊದಿಕೆಯನ್ನು ಮಾತ್ರ ಕಪ್ಪಾಗಿಸುವ ರಾಸಾಯನಿಕ ವಿಧಾನವನ್ನು ಇಟಲಿಯ ಮಾರ್ಕಿ 1880ರ ದಶಕದಲ್ಲಿ ಕಂಡುಹಿಡಿದರು. ಈಗ ಒಂದು ಜಾಗದಲ್ಲಿ ಗಾಯ ಮಾಡಿ, ಕೆಲವು ವಾರ ಕಾದು, ಮೆದುಳನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕಪ್ಪು ಚುಕ್ಕೆಗಳ ಸಾಲು ಆ ವೈರ್ ಎಲ್ಲಿಗೆ ಹೋಗುತ್ತಿತ್ತು ಎಂದು ತೋರಿಸುತ್ತದೆ. ಕಂಟಿನ್ಯುಟಿ ಟೆಸ್ಟ್ ಇದ್ದ ಹಾಗೆ. ಬೀಪ್ ಬದಲು ಕಪ್ಪು ಚುಕ್ಕೆ. ಕೋತಿಗಳು ವಾರಗಟ್ಟಲೆ ಬದುಕದೇ ಇದ್ದಿದ್ದರೆ ಇದು ಸಾಧ್ಯವೇ ಇರಲಿಲ್ಲ. ಅಲ್ಲಿಗೂ ಲಿಸ್ಟರ್ ಅವರೇ ಬಂದರು ನೋಡಿ.

1894ರಲ್ಲಿ ಕೋತಿಗಳ ಸೆರೆಬೆಲ್ಲಮ್‌ನ ದಾರಿಗಳ ಬಗ್ಗೆ, 1898ರಲ್ಲಿ ಕಾರ್ಟೆಕ್ಸ್‌ಗೆ ಬರುವ ಮತ್ತು ಕಾರ್ಟೆಕ್ಸ್‌ನಿಂದ ಹೋಗುವ ತಂತುಗಳ ಬಗ್ಗೆ ಇವರಿಬ್ಬರ ಪ್ರಬಂಧಗಳು ಬಂದವು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇನ್‌ಪುಟ್ ಲೈನ್ ಮತ್ತು ಔಟ್‌ಪುಟ್ ಲೈನ್. ಕೇಂದ್ರಗಳ ನಕ್ಷೆ ಬರೆದವರೇ ಈಗ ಅವುಗಳ ನಡುವಿನ ವೈರಿಂಗ್ ಬರೆಯುತ್ತಿದ್ದರು.

1908ರಲ್ಲಿ ಕಿಂಗ್ಸ್ ಕಾಲೇಜಿನಿಂದ ನಿವೃತ್ತರಾದರು. 1911ರಲ್ಲಿ ಸರ್ ಪದವಿ ಬಂತು. 1928ರ ಮಾರ್ಚ್ 19ರಂದು, 85ನೇ ವಯಸ್ಸಿನಲ್ಲಿ, ಲಂಡನ್‌ನಲ್ಲಿ ತೀರಿಕೊಂಡರು. ಫುಟ್‌ಬಾಲ್ ಪ್ರಿಯರಿಗೆ ಒಂದು ಬೋನಸ್ ಮಾಹಿತಿ: ಅವರ ಮಗ ಕ್ಲಾಡ್ ವಾಸ್ತುಶಿಲ್ಪಿ, ಆರ್ಸೆನಲ್ ತಂಡದ ಹಳೆಯ ಹೈಬರಿ ಕ್ರೀಡಾಂಗಣದ ವೆಸ್ಟ್ ಸ್ಟ್ಯಾಂಡ್ ವಿನ್ಯಾಸ ಮಾಡಿದವರಲ್ಲಿ ಒಬ್ಬರು.

ಫೆರಿಯರ್ ತಡಕಾಡಿದ ದಾರಿ ಈಗ ಹೆದ್ದಾರಿಯಾಗಿದೆ. 1991ರಲ್ಲಿ ಫೆಲ್ಮನ್ ಮತ್ತು ವ್ಯಾನ್ ಎಸೆನ್ ಮಕಾಕ್ ಕೋತಿಯ ಮೆದುಳಿನಲ್ಲಿ ದೃಷ್ಟಿಗೆ ಸಂಬಂಧಿಸಿದ 32 ಭಾಗಗಳನ್ನೂ, ಅವುಗಳ ನಡುವಿನ 305 ಸಂಪರ್ಕಗಳನ್ನೂ ಒಂದೇ ಚಿತ್ರದಲ್ಲಿ ಕೊಟ್ಟರು. ನೋಡಿದರೆ ಥೇಟ್ ನಮ್ಮ ಪಿಸಿಬಿ ಲೇಔಟ್. ನೋಡುವ ಕೆಲಸ ಒಂದೇ ಕೇಂದ್ರದಲ್ಲಿ ಕೂತಿಲ್ಲ, ಇಷ್ಟೆಲ್ಲ ಜಾಗಗಳಲ್ಲಿ ಮತ್ತು ಅವುಗಳ ನಡುವಿನ ತಂತುಗಳಲ್ಲಿ ಹರಡಿಕೊಂಡಿದೆ. ಮನುಷ್ಯರಲ್ಲಿ ಯಾರನ್ನೂ ಕೊಯ್ಯದೇ ಎಂಆರ್‌ಐ ಯಂತ್ರದಿಂದಲೇ ತಂತುಗಳ ದಿಕ್ಕು ಅಂದಾಜು ಮಾಡುವ ಸಿಗ್ನಲ್ ಪ್ರೊಸೆಸಿಂಗ್ ಈಗ ಇದೆ. ಆ ಅಂದಾಜು ಸರಿಯಾ ತಪ್ಪಾ ಎಂದು ತಾಳೆ ನೋಡಲು ಇವತ್ತಿಗೂ ಕೋತಿಗಳ ಮೆದುಳಿನಲ್ಲಿ ಪತ್ತೆ ಮಾಡಿದ ದಾರಿಗಳೇ ಆಧಾರ. ನಮ್ಮಲ್ಲಿ ಯಾರಾದರೂ ಆ ಅಲ್ಗಾರಿದಮ್ ಸುಧಾರಿಸಿದರೆ, ಅಷ್ಟರ ಮಟ್ಟಿಗೆ ಮುಂದೆ ಒಂದಷ್ಟು ಕೋತಿಗಳು ಬಚಾವಾಗಬಹುದು.

ಮುಂದಿನ ಸಲ ಲ್ಯಾಬ್‌ನಲ್ಲಿ ಎಲ್‌ಇಡಿ ಹತ್ತದೇ ಇದ್ದಾಗ, ಅದನ್ನು ಕಿತ್ತು ಬಿಸಾಡೋಕೆ ಮುಂಚೆ ವೈರ್ ಒಮ್ಮೆ ಚೆಕ್ ಮಾಡಿ. ಜೊತೆಗೆ ಕಪ್ಪಿಗಾಗಿ ತಡಕಾಡಿದ ಆ ಕೋತಿಯನ್ನೂ ಒಂದು ಕ್ಷಣ ನೆನೆಸಿಕೊಳ್ಳಿ.